ಎರಡು ಹನಿಗಳ ನಡುವಿನ ಒಂಬತ್ತೂವರೆ ನಿಮಿಷ

ದೊಡ್ಡಮ್ಮನ ಕಣ್ಣಿನ ಪೊರೆ ತೆಗೆದ ಮರುದಿನ ಪಟ್ಟಿ ಬಿಚ್ಚಿ ಮನೆಗೆ ಕಳಿಸುವಾಗ ನರ್ಸ್ ನನ್ನ ಕೈಗೆ ಎರಡು ಪುಟ್ಟ ಬಾಟಲಿಗಳನ್ನು ಕೊಟ್ಟರು. ಎರಡನ್ನೂ ದಿನಕ್ಕೆ ಆರು ಸಲ ಹಾಕಬೇಕು, ಆದರೆ ಒಂದರ ಬೆನ್ನಿಗೇ ಇನ್ನೊಂದನ್ನು ಹಾಕಬಾರದು, ನಡುವೆ ಸುಮಾರು ಹತ್ತು ನಿಮಿಷ ಬಿಡಬೇಕು, ಅಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿರಬೇಕು ಎಂದು ಎರಡೆರಡು ಸಲ ಹೇಳಿದರು. ಬಗ್ಗುವಂತಿಲ್ಲ, ತಲೆಗೆ ನೀರು ಹಾಕಿಕೊಳ್ಳುವಂತಿಲ್ಲ, ಪೇಪರ್ ಓದುವಂತಿಲ್ಲ, ಟೀವಿ ನೋಡುವಂತಿಲ್ಲ. ಮೈಸೂರಿನಲ್ಲಿ ನಲವತ್ತು ವರ್ಷ ಮಕ್ಕಳಿಗೆ ವೀಣೆ ಹೇಳಿಕೊಟ್ಟ ದೊಡ್ಡಮ್ಮನಿಗೆ ಇವುಗಳ ಜೊತೆಗೆ, ಹತ್ತು ದಿನ ವೀಣೆಯನ್ನೂ ಮುಟ್ಟಬಾರದೆಂಬ ಕಟ್ಟಪ್ಪಣೆಯಾಗಿತ್ತು. ಬೆಂಗಳೂರಿನ ನಮ್ಮ ಮನೆಯ ಹಜಾರದಲ್ಲಿ, ಕಪ್ಪು ಕನ್ನಡಕ ಹಾಕಿಕೊಂಡು ಬೆತ್ತದ ಕುರ್ಚಿಯಲ್ಲಿ ಒರಗಿದ್ದ ಅವರು, ಬೆಳಿಗ್ಗೆಯ ಮೊದಲ ಹತ್ತು ನಿಮಿಷದಲ್ಲಿ ಏಳು ಸಲ ‘ಆಯ್ತಾ?’ ಎಂದು ಕೇಳಿದರು.

ಎರಡನೆಯ ಸರದಿಯಲ್ಲಿ ಮೊದಲ ಬಾಟಲಿಯ ಹನಿ ಹಾಕಿ ಮುಚ್ಚಳ ತಿರುಗಿಸುತ್ತಿದ್ದಾಗ ಅವರೇ ಅಂದರು: ‘ರಾತ್ರಿ ಕಿವಿಗೆ ಅದೇನೋ ಸಿಕ್ಕಿಸಿಕೊಂಡು ತಲೆದೂಗ್ತಿರ್ತೀಯಲ್ಲ, ಅದನ್ನ ನಂಗೂ ಹಾಕು. ಆಪರೇಷನ್ ಆಗಿರೋದು ಕಣ್ಣಿಗೆ, ಕಿವಿಗಲ್ಲ.’

ನಾನು ಹಾಡನ್ನು ಆರಿಸಿದ್ದು ಸಂಗೀತದ ದೃಷ್ಟಿಯಿಂದಲ್ಲ, ಗಡಿಯಾರದ ದೃಷ್ಟಿಯಿಂದ. ಹತ್ತು ನಿಮಿಷಕ್ಕೆ ತುಸು ಕಡಿಮೆ ಇರುವಂಥದ್ದು ಬೇಕಿತ್ತು. ಇಂಗ್ಲೆಂಡಿನ ಜೆನೆಸಿಸ್ ತಂಡ 1973ರಲ್ಲಿ ಹೊರತಂದ ‘ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್’ ಆಲ್ಬಮ್ಮಿನ ಮೂರನೆಯ ಹಾಡು ‘ಫರ್ತ್ ಆಫ್ ಫಿಫ್ತ್’ ಸುಮಾರು ಒಂಬತ್ತೂವರೆ ನಿಮಿಷದ್ದು. ಹನಿಗೆ ಹೇಳಿ ಮಾಡಿಸಿದ ಅಳತೆ. ಸೀಡಿ ಹಾಕಿ, ಮೂರನೆಯ ಹಾಡಿಗೆ ಒತ್ತಿ, ಪಕ್ಕದ ಮೋಡಾದ ಮೇಲೆ ಕೂತೆ.

ಮೊದಲ ಒಂದು ನಿಮಿಷ ಬರೀ ಪಿಯಾನೋ. ತಂಡದ ಕೀಬೋರ್ಡ್ ವಾದಕ ಟೋನಿ ಬ್ಯಾಂಕ್ಸ್ ಅದನ್ನು ಹದಿಮೂರು, ಹದಿನೈದು ಎಣಿಕೆಗಳ ನಡುವೆ ಜಿಗಿಯುವ ಹಾಗೆ ಕಟ್ಟಿದ್ದಾರೆ. ದೊಡ್ಡಮ್ಮನ ಬಲಗೈ ತಾನಾಗಿಯೇ ತೊಡೆಯ ಮೇಲೆ ತಾಳ ಹಾಕಲು ಶುರುಮಾಡಿ, ನಾಲ್ಕನೆಯ ಆವರ್ತಕ್ಕೆ ತಪ್ಪಿ, ಮತ್ತೆ ಹಿಡಿದು, ಮತ್ತೆ ತಪ್ಪಿ, ಕೊನೆಗೆ ಸೆರಗಿನೊಳಗೆ ಸೇರಿಕೊಂಡಿತು. ಲೆಕ್ಕವನ್ನು ವಿವರಿಸಿದೆ. ‘ಹದಿಮೂರು ಇರಬಾರದು ಅಂತಲ್ಲ’ ಅಂದರು, ‘ಆದರೆ ಇವನು ಎಣಿಸೋದನ್ನ ನಮಗೆ ತೋರಿಸೋದಕ್ಕೇ ಎಣಿಸ್ತಾ ಇದ್ದಾನೆ.’ ಬ್ಯಾಂಕ್ಸ್ ಅವರ ಆ ಪೀಠಿಕೆಯನ್ನು ಲೋಕವೇ ಮೆಚ್ಚುತ್ತದೆ, ನಾನೂ ಮೆಚ್ಚುತ್ತೇನೆ. ಆದರೆ ಎದುರು ಮಾತಾಡುವ ಧೈರ್ಯ ಬರಲಿಲ್ಲ.

ಹಾಡುಗಾರಿಕೆ ದೊಡ್ಡಮ್ಮನಿಗೆ ಹಿಡಿಸಲೂ ಇಲ್ಲ, ಹಿಡಿಸದೆಯೂ ಇಲ್ಲ. ಮೂರು ನಿಮಿಷ ಕಳೆದ ಮೇಲೆ ಗದ್ದಲವೆಲ್ಲ ತಗ್ಗಿ, ಗಾಯಕ ಪೀಟರ್ ಗೇಬ್ರಿಯಲ್ ಅವರೇ ನುಡಿಸಿದ ಕೊಳಲಿನಲ್ಲಿ ಒಂದು ನಿಧಾನದ ರಾಗದೆಳೆ ಬಂದಾಗ ಮಾತ್ರ ಅವರ ತಲೆ ತುಸು ವಾಲಿತು. ಆಮೇಲೆ ಮತ್ತೆ ಪಿಯಾನೋದ ಅದೇ ಪೀಠಿಕೆ, ಈ ಸಲ ಡ್ರಮ್ಮು, ಸಿಂಥಸೈಜರುಗಳ ಜೊತೆ ಏರುತ್ತ ಏರುತ್ತ ಹೋಗಿ, ಇನ್ನೇನು ಆರನೆಯ ನಿಮಿಷ ತುಂಬಬೇಕು ಎನ್ನುವಾಗ ತುದಿಯಿಂದ ಕೆಳಕ್ಕೆ ಬಿಟ್ಟುಕೊಟ್ಟಂತೆ ಎಲ್ಲವೂ ಅಗಲವಾಯಿತು. ಕೊಳಲಿನಲ್ಲಿ ಕೇಳಿದ್ದ ಅದೇ ಎಳೆ ಈಗ ಬೇರೊಂದು ದನಿಯಲ್ಲಿ ಬಂತು.

‘ಪಿಟೀಲು ಯಾರದು?’ ಎಂದರು ದೊಡ್ಡಮ್ಮ.

‘ಪಿಟೀಲಲ್ಲ ದೊಡ್ಡಮ್ಮ, ಗಿಟಾರು.’

‘ಸುಮ್ನಿರು. ಮೀಟೇ ಕೇಳ್ತಾ ಇಲ್ಲ.’

ನನಗೆ ನಗು ಬಂತು. ಆದರೆ ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ, ಏಕೆಂದರೆ ಇದೇ ಮೋಸಕ್ಕೆ ನಾನು ಅವರಿಗಿಂತ ಬಹಳ ಹೆಚ್ಚು ವರ್ಷ ಸಿಕ್ಕಿಬಿದ್ದಿದ್ದೆ. ಕಾಲೇಜಿನ ದಿನಗಳಲ್ಲಿ ಗೆಳೆಯನ ಅಣ್ಣನೊಬ್ಬ ಎಲ್ಪಿಯಿಂದ ಮಾಡಿಕೊಟ್ಟ ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ನಾನು ಈ ತಂಡವನ್ನು ಕೇಳಿದ್ದು. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ‘ಜೆನೆಸಿಸ್’ ಎಂದಷ್ಟೇ ಬರೆದಿತ್ತು. ಯಾರು ಏನು ನುಡಿಸಿದರು ಎಂಬ ವಿವರವಿರಲಿಲ್ಲ. ತಂಡದಲ್ಲಿ ಒಬ್ಬ ಮಹಾ ಕೀಬೋರ್ಡ್ ವಾದಕನಿದ್ದಾನೆ, ಗಿಟಾರಿನವನು ಹಿಂದೆ ಎಲ್ಲೋ ಕೂತು ಸ್ವರಮೇಳ ಹಿಡಿಯುತ್ತಾನೆ ಎಂದೇ ನನ್ನ ತಿಳಿವಳಿಕೆ. ಕೀಬೋರ್ಡು ಎಂದು ನಾನು ತಲೆದೂಗಿದ ಎಷ್ಟೋ ಕಡೆ ನುಡಿಯುತ್ತಿದ್ದದ್ದು ಸ್ಟೀವ್ ಹ್ಯಾಕೆಟ್ ಅವರ ಗಿಟಾರು ಎಂಬುದು ಗೊತ್ತಾಗುವ ಹೊತ್ತಿಗೆ ಕ್ಯಾಸೆಟ್ಟು ಸವೆದುಹೋಗಿತ್ತು.

ಎರಡನೆಯ ಬಾಟಲಿಯ ಹನಿ ಹಾಕಿದ ಮೇಲೂ ಮೀಟಿನ ವಿಚಾರಣೆ ಮುಗಿಯಲಿಲ್ಲ. ದೊಡ್ಡಮ್ಮನ ಪಾಠವಾದದ್ದು ಮೈಸೂರು ಬಾನಿಯಲ್ಲಿ. ಮೀಟಿನ ಸ್ಪಷ್ಟತೆಗೆ ಹೆಸರಾದ ಸಂಪ್ರದಾಯ ಅದು. ಒಂದೊಂದು ಸ್ವರಕ್ಕೂ ಬೆರಳು ತಂತಿಗೆ ತಗುಲಿದ್ದು ಕೇಳಿಸಬೇಕು, ಕಲಸಿದ ಮೀಟು ಸುಳ್ಳು ಹೇಳಿದ ಹಾಗೆ ಎಂದು ಮಕ್ಕಳಿಗೆ ಅವರು ಗದರುತ್ತಿದ್ದುದನ್ನು ನಾನೇ ಬಾಗಿಲಲ್ಲಿ ನಿಂತು ಕೇಳಿದ್ದೇನೆ. ಅಂಥವರಿಗೆ ಮೀಟೇ ಇಲ್ಲದ ತಂತಿವಾದ್ಯವೆಂದರೆ ಹೇಗೆ ನಂಬಿಕೆ ಬರಬೇಕು? ನನ್ನ ಗಿಟಾರು, ಸಣ್ಣ ಆಂಪ್ಲಿಫೈಯರು, ಕಾಲಿನಿಂದ ಒತ್ತುವ ವಾಲ್ಯೂಮ್ ಪೆಡಲು ಎಲ್ಲವನ್ನೂ ಹಜಾರಕ್ಕೆ ಎಳೆದು ತಂದು ತೋರಿಸಿದೆ, ಎಂದರೆ ಕೇಳಿಸಿದೆ. ಪೆಡಲು ಪೂರ್ತಿ ಮುಚ್ಚಿದ್ದಾಗ ತಂತಿಯನ್ನು ಮೀಟಬೇಕು. ಮೀಟಿನ ಪೆಟ್ಟು ಸದ್ದಿಲ್ಲದೆ ಕಳೆದುಹೋಗುತ್ತದೆ. ತಂತಿ ಇನ್ನೂ ನಡುಗುತ್ತಿರುವಾಗಲೇ ಪೆಡಲನ್ನು ಮೆಲ್ಲಗೆ ಮುಂದಕ್ಕೆ ಅದುಮಿದರೆ ಸ್ವರ ಹುಟ್ಟಿದ ಜಾಗ ತಿಳಿಯದ ಹಾಗೆ ಉಬ್ಬಿಕೊಂಡು ಬರುತ್ತದೆ. ಕಮಾನಿನಲ್ಲಿ ಎಳೆಯುವ ಪಿಟೀಲಿಗೆ ಮೀಟಿಲ್ಲ. ಕಿವಿ ಮೋಸ ಹೋಗುವುದು ಅದಕ್ಕೇ. ಇದರ ಜೊತೆಗೆ ಸ್ವರವನ್ನು ಒರಟಾಗಿಸುವ ಫಝ್ ಎಂಬ ಪೆಡಲು ಸೇರಿ, ಗಿಟಾರಿನ ಸ್ವರ ಮತ್ತು ಸ್ಪೀಕರಿನ ಸದ್ದು ಒಂದಕ್ಕೊಂದು ಇಂಬಾಗಿ ನಿಂತರೆ ಸ್ವರ ಆರುವುದೇ ಇಲ್ಲ.

ಅವರು ಪೆಡಲಿನ ಮೇಲೆ ತಮ್ಮ ಬರಿಗಾಲನ್ನು ಇಟ್ಟು ನಾಲ್ಕು ಸಲ ಅದುಮಿ ನೋಡಿದರು. ನಾನು ಮೀಟುತ್ತಿದ್ದೆ, ಅವರು ಸ್ವರ ತೆರೆಯುತ್ತಿದ್ದರು. ನಾಲ್ಕನೆಯ ಸಲಕ್ಕೆ ನನಗಿಂತ ಚೆನ್ನಾಗಿಯೇ ತೆರೆದರು.

‘ನಮ್ಮದು ಮೀಟಿದ ಗಳಿಗೆಯಿಂದ ಸಾಯೋದಕ್ಕೆ ಶುರುವಾಗತ್ತೆ ಕಣೋ’ ಅಂದರು. ‘ಸಾಯೋದರೊಳಗೆ ತಂತಿ ಎಳೆದು ಎರಡು ಮಾತು ಆಡಿಬಿಡಬೇಕು. ಇವನಿಗೆ ಆ ಅವಸರವೇ ಇಲ್ಲ.’

ಹ್ಯಾಕೆಟ್ ಅವರ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನೇರವಾಗಿ ವಿಷಯಕ್ಕೆ ಬಂದದ್ದು ನನಗೆ ನೆನಪಿಲ್ಲ. ಆ ಎರಡೂವರೆ ನಿಮಿಷದ ಭಾಗದಲ್ಲಿ ಅವರು ನುಡಿಸುವ ಸ್ವರಗಳನ್ನು ಎಣಿಸಿದರೆ, ಅದೇ ಕಾಲದ ಬೇರೆ ಗಿಟಾರ್ ವಾದಕರು ಇಪ್ಪತ್ತು ಸೆಕೆಂಡಿನಲ್ಲಿ ಮುಗಿಸುವಷ್ಟು. ಉದ್ದಕ್ಕೆ ಹಿಡಿದ ಸ್ವರವೂ ನೆಲೆಯ ಸ್ವರಕ್ಕೆ ಬಂದು ಕೂರುವುದಿಲ್ಲ. ಪಕ್ಕದ ಮನೆಯ ಹೊಸ್ತಿಲ ಮೇಲೆ ನಿಂತುಬಿಡುತ್ತದೆ, ಅದರ ಕೆಳಗೆ ಮೆಲೊಟ್ರಾನು (ವಾದ್ಯವೃಂದದ ಸದ್ದನ್ನು ಟೇಪಿನಲ್ಲಿ ತುಂಬಿಟ್ಟುಕೊಂಡ ಕೀಲಿಮಣೆ) ಮತ್ತು ಬೇಸ್ ಗಿಟಾರು ತಮ್ಮ ನೆಲವನ್ನು ಬದಲಿಸುತ್ತ ಹೋಗುತ್ತವೆ. ಎಳೆ ಮೂಲತಃ ಬ್ಯಾಂಕ್ಸ್ ಅವರದು. ಪಿಯಾನೋದಲ್ಲಿ ಹುಟ್ಟಿ ಕೊಳಲಿಗೆ ಹೋದದ್ದು. ಪಿಯಾನೋಗೆ ಸ್ವರವನ್ನು ಹಿಗ್ಗಿಸಲು ಬಾರದು, ಕೊಳಲಿಗೆ ಉಸಿರಿನ ಮಿತಿ. ಈ ಎರಡೂ ಕಡೆ ಸಿಗದ ಆಯುಷ್ಯ ಅದಕ್ಕೆ ಗಿಟಾರಿನಲ್ಲಿ ಸಿಕ್ಕಿತು. ಮಜವೆಂದರೆ ಆಲ್ಬಮ್ಮಿನ ಮೇಲೆ ಎಲ್ಲ ಹಾಡುಗಳನ್ನೂ ಇಡೀ ತಂಡದ ಹೆಸರಿಗೇ ಬರೆದಿದ್ದಾರೆ. ಯಾರ ಪಾಲು ಎಷ್ಟು ಎಂಬುದು ಹೊದಿಕೆ ಓದಿದವನಿಗೂ ತಿಳಿಯುವಂತಿಲ್ಲ.

ಯಾರಿವನು, ಎಲ್ಲಿಯವನು, ಯಾರ ಹತ್ತಿರ ಪಾಠ ಎಂಬ ಮೂರು ಪ್ರಶ್ನೆಗಳು ಊಟದ ಹೊತ್ತಿಗೆ ಬಂದವು. ಲಂಡನ್ನಿನ ಪಿಮ್ಲಿಕೊದವರು, 1950ರಲ್ಲಿ ಹುಟ್ಟಿದವರು, ಗುರು ಎಂಬುವರಿಲ್ಲ, ಮೊದಲು ಕೈಗೆ ಬಂದ ವಾದ್ಯ ಹಾರ್ಮೋನಿಕಾ ಎಂದೆ. ‘ಊದೋ ವಾದ್ಯದಿಂದ ಶುರು ಮಾಡಿದವನಿಗೆ ಮೀಟು ಹಿಡಿಸದೇ ಇರೋದು ಸಹಜ’ ಎಂದು ಹುಳಿ ಕಲಸಿಕೊಂಡರು. 1970ರ ಡಿಸೆಂಬರಿನಲ್ಲಿ ಹ್ಯಾಕೆಟ್ ‘ಮೆಲೊಡಿ ಮೇಕರ್’ ಪತ್ರಿಕೆಗೆ ತಾವೇ ಒಂದು ಜಾಹೀರಾತು ಕೊಟ್ಟಿದ್ದರು. ನಿಂತ ನೀರಾದ ಸಂಗೀತವನ್ನು ದಾಟಿ ಹೋಗುವ ಮನಸ್ಸುಳ್ಳ ಜೊತೆಗಾರರು ಬೇಕು ಎಂಬುದು ಅದರ ಸಾರ. ಅದನ್ನು ನೋಡಿ ಕರೆ ಮಾಡಿದವರು ಪೀಟರ್ ಗೇಬ್ರಿಯಲ್. ಮೊದಲ ಗಿಟಾರ್ ವಾದಕ ಆಂಟನಿ ಫಿಲಿಪ್ಸ್ ಬಿಟ್ಟುಹೋದ ಜಾಗ ಹೀಗೆ 1971ರ ಆರಂಭದಲ್ಲಿ ತುಂಬಿತು. ಆ ಮೆಲೊಟ್ರಾನನ್ನು ಕೊಳ್ಳಲೇಬೇಕೆಂದು ತಂಡವನ್ನು ಒಪ್ಪಿಸಿದ್ದು ಗಿಟಾರಿನವರಾದ ಇವರೇ. ತಮ್ಮನ್ನು ಮುಚ್ಚಿಹಾಕಬಲ್ಲ ವಾದ್ಯವನ್ನು ತಾವೇ ಶಿಫಾರಸು ಮಾಡುವವರು ಎಷ್ಟು ಜನ ಸಿಗುತ್ತಾರೆ?

ಹ್ಯಾಕೆಟ್ ಅವರಿಗೆ ಸಲ್ಲಬೇಕಾದಷ್ಟು ಹೆಸರು ಸಲ್ಲಲಿಲ್ಲ ಎಂದಾಗ ದೊಡ್ಡಮ್ಮ ಕಾರಣ ಕೇಳಿದರು. ಗೇಬ್ರಿಯಲ್ ಅವರು ನರಿಯ ಮುಖವಾಡ, ಹೆಂಗಸಿನ ಕೆಂಪು ಉಡುಪು ಹಾಕಿಕೊಂಡು ವೇದಿಕೆಯ ಮೇಲೆ ಓಡಾಡುತ್ತಿದ್ದಾಗ ಇವರು ಗಡ್ಡ, ಕನ್ನಡಕ, ಕಪ್ಪು ಬಟ್ಟೆಯಲ್ಲಿ, ಕುರ್ಚಿಯ ಮೇಲೆ ಕೂತು ತಲೆ ತಗ್ಗಿಸಿ ನುಡಿಸುತ್ತಿದ್ದರು ಎಂದು ವರ್ಣಿಸಿದೆ.

‘ಕೂತು ನುಡಿಸದೆ?’ ಎಂದರು ಅವರು, ಅರ್ಥವಾಗದೆ.

ರಾಕ್ ಸಂಗೀತದಲ್ಲಿ ಗಿಟಾರಿನವರು ನಿಂತು, ಕುಣಿದು, ಬಾಗಿ ನುಡಿಸುವುದು ರೂಢಿ ಎಂದೆ. ಇದನ್ನು ಒಂದು ಕಾರಣವೆಂದು ಅವರು ಕೊನೆಯವರೆಗೂ ಒಪ್ಪಲಿಲ್ಲ. ನನಗೂ ಅದು ಅರ್ಧ ಕಾರಣವೆಂದೇ ಅನ್ನಿಸುತ್ತದೆ. ಉಳಿದರ್ಧ, ಜೆನೆಸಿಸ್ ಕಥೆಯನ್ನು ಹೇಳುವವರೆಲ್ಲ ಅದನ್ನು ಇಬ್ಬರು ಗಾಯಕರ ಕಥೆಯನ್ನಾಗಿ ಹೇಳುವುದು. 1975ರಲ್ಲಿ ಗೇಬ್ರಿಯಲ್ ಹೊರಟರು, ಡ್ರಮ್ಮಿನ ಹಿಂದಿದ್ದ ಫಿಲ್ ಕಾಲಿನ್ಸ್ ಮುಂದೆ ಬಂದು ಹಾಡಿದರು, ಆಮೇಲೆ ತಂಡ ಜಗತ್ಪ್ರಸಿದ್ಧವಾಯಿತು. ಈ ಓಟದಲ್ಲಿ, ಗೇಬ್ರಿಯಲ್ ಹೋದ ಮೇಲೂ ಎರಡು ಒಳ್ಳೆಯ ಆಲ್ಬಮ್ಮುಗಳಲ್ಲಿ ನುಡಿಸಿ 1977ರಲ್ಲಿ ಸದ್ದಿಲ್ಲದೆ ಹೊರಟ ಗಿಟಾರ್ ವಾದಕನಿಗೆ ಒಂದು ವಾಕ್ಯ ಸಿಕ್ಕರೆ ಹೆಚ್ಚು.

ಮಧ್ಯಾಹ್ನದ ಸರದಿಗೆ ವಕೀಲನ ಹುಮ್ಮಸ್ಸಿನಲ್ಲಿ ಅದೇ ಆಲ್ಬಮ್ಮಿನ ಮೊದಲ ಹಾಡು ‘ಡ್ಯಾನ್ಸಿಂಗ್ ವಿತ್ ದ ಮೂನ್‌ಲಿಟ್ ನೈಟ್’ ಹಾಕಿದೆ. ಒಂಟಿ ದನಿಯಲ್ಲಿ, ಪಕ್ಕವಾದ್ಯವಿಲ್ಲದೆ ಅದು ಆರಂಭವಾಗುವುದು ದೊಡ್ಡಮ್ಮನಿಗೆ ಇಷ್ಟವಾಯಿತು. ಆಮೇಲೆ ಓಟ ಹಿಡಿದಾಗ ಹ್ಯಾಕೆಟ್ ಅವರು ಟ್ಯಾಪಿಂಗ್ ಎಂಬ ಕೈಚಳಕ ತೋರುತ್ತಾರೆ: ಬಲಗೈ ಬೆರಳನ್ನು ಮೀಟುವ ಕೆಲಸದಿಂದ ಬಿಡಿಸಿ, ಎಡಗೈ ಓಡಾಡುವ ಮೆಟ್ಟಿಲುಗಳ ಮೇಲೆಯೇ ತಂದು, ತಂತಿಯನ್ನು ಕುಟ್ಟಿ ಸ್ವರ ಹುಟ್ಟಿಸುವುದು. ಅಮೆರಿಕದ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಇದನ್ನು ಮನೆಮಾತಾಗಿಸಿದ್ದು 1978ರ ತಮ್ಮ ತಂಡದ ಮೊದಲ ಆಲ್ಬಮ್ಮಿನಿಂದ. ಹ್ಯಾಕೆಟ್ 1971ರ ‘ನರ್ಸರಿ ಕ್ರೈಮ್’ನಲ್ಲೇ ಇದನ್ನು ನುಡಿಸಿದ್ದರು. ಅದರಲ್ಲಿನ ‘ದ ರಿಟರ್ನ್ ಆಫ್ ದ ಜೈಂಟ್ ಹಾಗ್‌ವೀಡ್’ ಹಾಡಿನ ಆರಂಭದಲ್ಲಿ ಗಿಟಾರು ಮತ್ತು ಕೀಬೋರ್ಡು ಒಂದನ್ನೊಂದು ಅಪ್ಪಿಕೊಂಡು ಓಡುವಾಗ ಯಾವುದು ಯಾವುದೆಂದು ಬಿಡಿಸಲಾಗದೆ ನಾನು ಬೆಪ್ಪಾಗಿದ್ದೆ. ಇದನ್ನೆಲ್ಲ ಬಲು ಉತ್ಸಾಹದಿಂದ ವಿವರಿಸಿ ಮುಗಿಸಿದಾಗ ದೊಡ್ಡಮ್ಮನ ತೀರ್ಪು ಬಂತು: ‘ಬೆರಳಿಗೆ ಕೆಲಸ ಜಾಸ್ತಿ, ಕಿವಿಗೆ ಕಮ್ಮಿ. ಬೆಳಿಗ್ಗೆ ಹಾಕಿದ್ದನ್ನೇ ಹಾಕು.’

ಇಲ್ಲಿ ನಾನು ಅವರೊಂದಿಗೆ ಜಗಳವಾಡಿದೆ, ಈಗಲೂ ಆಡುತ್ತೇನೆ. ಟ್ಯಾಪಿಂಗನ್ನು ಹ್ಯಾಕೆಟ್ ಮೆರೆಯಲು ಬಳಸಿದ್ದಲ್ಲ, ಕೀಬೋರ್ಡಿನ ಸಾಲುಗಳ ಪಕ್ಕ ಗಿಟಾರು ಸಮನಾಗಿ ಓಡಬೇಕೆಂದು ಬಳಸಿದ್ದು. ಮೀಟುವ ಬೆರಳಿಗೆ ಆ ನುಣುಪು ದಕ್ಕುತ್ತಿರಲಿಲ್ಲ. ಒಂದು ಕಡೆ ಪೆಡಲಿನಿಂದ ಮೀಟನ್ನು ಅಡಗಿಸಿದರೆ ಇನ್ನೊಂದು ಕಡೆ ಮೀಟನ್ನೇ ಕೈಬಿಟ್ಟರು. ಎರಡೂ ಒಂದೇ ಹಟದ ಎರಡು ದಾರಿಗಳು. ದೊಡ್ಡಮ್ಮ ಇದನ್ನು ಪೂರ್ತಿ ಕೇಳಿ, ‘ವಾದ ಚೆನ್ನಾಗಿದೆ. ಹಾಡು ಅಷ್ಟು ಚೆನ್ನಾಗಿಲ್ಲ’ ಎಂದು ಎರಡನೆಯ ಹನಿಗೆ ಮುಖ ಮೇಲೆತ್ತಿದರು.

ಮುಂದಿನ ಸರದಿಯಲ್ಲಿ ಇನ್ನೊಂದು ಪೇಚಾಯಿತು. ಪಿಯಾನೋ ಬೇಡ, ಹಾಡೂ ಬೇಡ, ನೇರ ಆ ಗಿಟಾರಿನ ಜಾಗಕ್ಕೇ ಹೋಗು ಎಂದರು. ಹಾಗೇ ಮಾಡಿದೆ. ಆರನೆಯ ನಿಮಿಷದ ಹತ್ತಿರ ಬಿಟ್ಟೆ. ಅದೇ ಸ್ವರ, ಅದೇ ಎಳೆತ. ಅವರು ಅರ್ಧ ನಿಮಿಷ ಕೇಳಿ ಮುಖ ಸಿಂಡರಿಸಿದರು. ‘ಏನೋ ಕಮ್ಮಿಯಾಗಿದೆ. ಬೆಳಿಗ್ಗೆ ಹೀಗಿರಲಿಲ್ಲ.’ ನನಗೂ ಹಾಗೇ ಅನ್ನಿಸಿತು. ಮೊದಲಿನಿಂದ ಹಾಕಿದೆ. ಹದಿಮೂರು ಹದಿನೈದರ ಪಿಯಾನೋವನ್ನು ಅವರು ಈ ಸಲ ತಾಳ ಹಾಕದೆ, ಔಷಧಿ ಕುಡಿದಂತೆ ಸಹಿಸಿಕೊಂಡರು. ಕೊಳಲು ಬಂದಾಗ ಎಳೆಯನ್ನು ಬಾಯೊಳಗೇ ಗುನುಗಿಕೊಂಡರು. ಬಿಸಿಲು ಕಿಟಕಿಯ ಸರಳುಗಳನ್ನು ದಾಟಿ ಅವರ ಮಡಿಲಿಗೆ ಬಂದಿತ್ತು. ಗಿಟಾರಿನ ಸರದಿ ಬಂದಾಗ ಅವರ ಎಡಗೈಯ ನಡುಬೆರಳು ಬೆತ್ತದ ಕುರ್ಚಿಯ ತೋಳಿನ ಮೇಲೆ ಅಡ್ಡಕ್ಕೆ ಸರಿಯಿತು. ತಂತಿಯನ್ನು ಮೆಟ್ಟಿಲಿನ ಮೇಲೆ ಎಳೆದಾಗ ಸರಿಯುವಷ್ಟೇ ದೂರ, ಕಾಲು ಅಂಗುಲ. ಸ್ವರ ಹಿಗ್ಗಿದಷ್ಟು ಹೊತ್ತೂ ಬೆರಳು ಅಲ್ಲೇ ನಿಂತು, ಅದು ಇಳಿದಾಗ ತಾನೂ ಇಳಿಯಿತು. ಬಲಗೈ ಮಡಿಲಲ್ಲಿ ಅಲುಗಾಡದೆ ಬಿದ್ದಿತ್ತು. ಮೀಟುವ ಕೆಲಸವಿಲ್ಲವೆಂದು ಅದಕ್ಕೆ ಅರ್ಥವಾಗಿಹೋಗಿತ್ತು.

ಸಂಜೆ ‘ದ ಸಿನಿಮಾ ಶೋ’ ಹಾಕಿ ಎಡವಟ್ಟು ಮಾಡಿಕೊಂಡೆ, ಏಕೆಂದರೆ ಅದು ಹನ್ನೊಂದು ನಿಮಿಷ ದಾಟುತ್ತದೆ. ಹನ್ನೆರಡು ತಂತಿಯ ಗಿಟಾರುಗಳ ಕುಸುರಿಯಲ್ಲಿ ಶುರುವಾಗುವ ಆ ಹಾಡಿನ ಉತ್ತರಾರ್ಧ ಏಳರ ಎಣಿಕೆಯಲ್ಲಿ ಸಾಗುವ ಕೀಬೋರ್ಡಿನ ಓಟ. ಅದು ಮುಖ್ಯವಾಗಿ ಬ್ಯಾಂಕ್ಸ್, ಬೇಸ್ ನುಡಿಸುವ ಮೈಕ್ ರದರ್‌ಫರ್ಡ್ ಮತ್ತು ಕಾಲಿನ್ಸ್ ಈ ಮೂವರದು. ‘ಅವನೆಲ್ಲಿ ಹೋದ?’ ಎಂದು ದೊಡ್ಡಮ್ಮ ಮೂರು ಸಲ ಕೇಳಿದರು. ಸುಮ್ಮನೆ ಬಿಟ್ಟುಕೊಟ್ಟಿದ್ದಾರೆ ಎಂದೆ. ನಾಲ್ಕೈದು ವರ್ಷಗಳಲ್ಲಿ ತಂಡ ಇದೇ ಮೂವರಿಗೆ ಇಳಿದು, ಆಲ್ಬಮ್ಮಿನ ಹೆಸರಿನಲ್ಲೂ ‘ಕೊನೆಗೆ ಮೂವರೇ ಉಳಿದರು’ ಎಂಬ ಅರ್ಥ ಬರುವಂತೆ ಮಾಡಿಕೊಂಡಿತು ಎಂಬುದನ್ನು ಹೇಳಲು ಹೋಗಲಿಲ್ಲ. ಹನಿ ಎರಡು ನಿಮಿಷ ತಡವಾಯಿತು.

ರಾತ್ರಿಯ ಕೊನೆಯ ಸರದಿಗೆ ಸೀಡಿ ಬೇಡ, ನೀನೇ ಏನಾದರೂ ನುಡಿಸು ಎಂದರು. 1972ರ ‘ಫಾಕ್ಸ್‌ಟ್ರಾಟ್’ ಆಲ್ಬಮ್ಮಿನಲ್ಲಿ, ಸುಮಾರು ಇಪ್ಪತ್ತಮೂರು ನಿಮಿಷದ ‘ಸಪ್ಪರ್ಸ್ ರೆಡಿ’ಗೆ ಮೊದಲು, ಹ್ಯಾಕೆಟ್ ಒಬ್ಬರೇ ನುಡಿಸುವ ‘ಹೊರೈಜನ್ಸ್’ ಎಂಬ ಒಂದೂಮುಕ್ಕಾಲು ನಿಮಿಷದ ತುಣುಕಿದೆ. ಜರ್ಮನ್ ಸಂಗೀತಕಾರ ಬಾಖ್ ಅವರು ಚೆಲ್ಲೋ ಎಂಬ ದೊಡ್ಡ ಪಿಟೀಲಿಗೆ ಬರೆದ ಮೊದಲ ಸೂಟಿನ ಪೀಠಿಕೆಯಿಂದ ಪ್ರೇರಿತವಾದದ್ದು. ನಾನು ಹತ್ತು ವರ್ಷದಿಂದ ಅಭ್ಯಾಸ ಮಾಡುತ್ತಿರುವುದು, ಹತ್ತು ವರ್ಷದಿಂದ ಒಂದೇ ಜಾಗದಲ್ಲಿ ತಪ್ಪುತ್ತಿರುವುದು. ತಂತಿಯನ್ನು ಒತ್ತದೆ ಬರೀ ಸೋಕಿಸಿ ಗಂಟೆಯಂಥ ನಾದ ತೆಗೆಯುವ ಜಾಗಗಳು ಅದರಲ್ಲಿವೆ. ಬೆರಳು ಒಂದು ಕೂದಲೆಳೆ ಆಚೀಚೆಯಾದರೂ ಗಂಟೆಯ ಬದಲು ಡಬ್ಬದ ಸದ್ದು. ಮಂದ ದೀಪದಲ್ಲಿ ಎರಡು ಡಬ್ಬಗಳ ಸಮೇತ ನುಡಿಸಿ ಮುಗಿಸಿದೆ.

‘ಇದರಲ್ಲಿ ಮೀಟಿದೆ’ ಎಂದರು ದೊಡ್ಡಮ್ಮ, ಕಣ್ಣು ಮುಚ್ಚಿಕೊಂಡೇ. ಸ್ವಲ್ಪ ಹೊತ್ತಿನ ಮೇಲೆ, ‘ಅಂದರೆ ಅವನಿಗೆ ಮೀಟು ಚೆನ್ನಾಗಿ ಬರತ್ತೆ. ಬಂದೂ ಬಚ್ಚಿಡ್ತಾನೆ’ ಎಂದು ಸೇರಿಸಿದರು. ನನ್ನ ಡಬ್ಬಗಳ ಬಗ್ಗೆ ಏನೂ ಅನ್ನಲಿಲ್ಲ. ಗುರುಗಳು ಏನೂ ಅನ್ನದಿದ್ದರೆ ಅದರ ಅರ್ಥವೇನೆಂದು ಅವರ ಶಿಷ್ಯರಿಗೆ ಗೊತ್ತು. ಎರಡನೆಯ ಹನಿಗೆ ಇನ್ನೂ ಎಂಟು ನಿಮಿಷವಿತ್ತು. ತಪ್ಪಿದ ಜಾಗವನ್ನು ಮತ್ತೆ ನುಡಿಸಿದೆ, ಮತ್ತೆ ತಪ್ಪಿತು.

ವಾರದ ತಪಾಸಣೆಗೆ ಹೋದಾಗ ಡಾಕ್ಟರು ದೀಪ ಬಿಟ್ಟು ನೋಡಿ, ಕಣ್ಣು ಚೆನ್ನಾಗಿ ಮಾಗುತ್ತಿದೆ ಎಂದರು. ಎರಡು ಹನಿಗಳ ನಡುವೆ ಸರಿಯಾಗಿ ಸಮಯ ಬಿಡುತ್ತಿದ್ದೀರಾ ಎಂದು ಕೇಳಿದ್ದಕ್ಕೆ ದೊಡ್ಡಮ್ಮ ನನಗಿಂತ ಮೊದಲೇ ಉತ್ತರಿಸಿದರು: ‘ಒಂಬತ್ತೂವರೆ ನಿಮಿಷ. ಆಮೇಲೆ ಆ ಪಿಯಾನೋದವನು ಮತ್ತೆ ಬಂದು, ಮೆಲ್ಲಗೆ ಅಡಗಿ ಹೋಗೋವರೆಗೂ ಕಾದು, ಎರಡನೇದು ಹಾಕ್ತಾನೆ.’ ಡಾಕ್ಟರು ನನ್ನ ಮುಖ ನೋಡಿದರು.